ಮೈಲಾರಿ ಹಳೇ ಬೈಕ್ ಕೊಂಡದ್ದು

ಇದ್ದನಪ್ಪಾ ಒಬ್ಬ, ಮೈಲಾರಿ ಅಂತ. ಆಳು ಎತ್ತರ, ತಲೆ ಖಾಲಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವ. ಅದೇ ಅವನ ಅವ್ವ ಹೊನ್ನವ್ವನ ಗೋಳು.

ಹೊನ್ನವ್ವ ರಾಣೆಬೆನ್ನೂರಿನ ಖಾನಾವಳಿಗಳಿಗೆ ರೊಟ್ಟಿ ಕೊಡುವಾಕೆ. ಬುಟ್ಟಿ ಹೊತ್ತು ಹೊತ್ತು ಮೊಣಕಾಲು ಸೋತವು. ಗಂಡ ಇದ್ದಾಗ ಗ್ಯಾರೇಜ್ ಇಟ್ಟಿದ್ದ, ಹಾಗಾಗಿ ಗಾಡಿ ವಿಷಯ ಆಕೆಗೆ ಗೊತ್ತು.

"ಮೈಲಾರೀ, ಒಂದು ಹಳೇ ಬೈಕ್ ನೋಡಪಾ. ಹಳೇ ನಮೂನಿ ಕಾರ್ಬ್ಯುರೇಟರ್ ಗಾಡಿ ಆದ್ರ ರಿಪೇರಿ ಸಸ್ತಾ. ಹೊಸಾ ನಮೂನಿ ಇಂಜೆಕ್ಷನ್ ಗಾಡಿ ಆದ್ರ ಪೆಟ್ರೋಲ್ ಉಳೀತೈತಿ. ಎರಡೂ ನೋಡು. ನನಗ ಒಲಿ ಬಿಟ್ಟು ಬರಾಕ ಆಗಂಗಿಲ್ಲ. ಬಿಸಿ ಗಾಡಿ ಎಲ್ಲಾನೂ ಚಾಲೂ ಆಗತಾವ, ಮೋಸ ಹೋಗಬ್ಯಾಡ. ಎಂಜಿನ್ ತಣ್ಣಗಿದ್ದಾಗ ಚಾಲೂ ಮಾಡು!"

"ಹೂಂ ಅವ್ವಾ!"

ಹೋದ. ಹೂವಿನ ವ್ಯಾಪಾರಿ ಚಮನಸಾಬನ ಹತ್ತಿರ ಕಾರ್ಬ್ಯುರೇಟರ್ ಬೈಕ್ ಇತ್ತು. ಆಗಷ್ಟೇ ಪೇಟೆಗೆ ಹೋಗಿ ಬಂದಿತ್ತು. ಮೈಲಾರಿ ಎಂಜಿನ್ ಮುಟ್ಟಿದ. ಸುಡುತ್ತಿತ್ತು. ಅಂಗಳದ ಕೊಡ ಎತ್ತಿದ, ಸುರಿದ. ಬುಸ್ಸ್! ಮುಟ್ಟಿದ. ಇನ್ನೂ ಬಿಸಿ. ಇನ್ನೊಂದು ಕೊಡ ಸುರಿದ. ಎಂಜಿನ್ ತಣ್ಣಗಾಯಿತು, ಗಾಡಿ ಚಾಲೂ ಆಗಲಿಲ್ಲ.

"ಏ ಏ ಏ! ಗಾಡಿಗೆ ಜಳಕ ಮಾಡಸ್ತೀಯೇನೋ!" ಅಂತ ಚಮನಸಾಬ ಓಣಿ ದಾಟುವವರೆಗೂ ಅಟ್ಟಿಸಿಕೊಂಡು ಬಂದ.

ಹೊನ್ನವ್ವ ಹಣೆ ಹಣೆ ಬಡಿದುಕೊಂಡಳು. "ಅಯ್ಯೋ ಪೆದ್ದ! ನೀರ ಯಾಕ ಹಾಕಿದ್ಯೋ? ತಣ್ಣಗಿದ್ದ ಗಾಡಿಗೆ ಮೊದಲ ಚೋಕ್ ಎಳೀಬೇಕು, ಆಮ್ಯಾಲ ಕಿಕ್ ಹೊಡೀಬೇಕು. ಎಳಿ! ತಿಳೀತ?"

"ತಿಳೀತು! ಎಳೀತೀನಿ!"

ಹೋದ. ಗಿರಣಿ ವೀರಭದ್ರಪ್ಪನದು ಇಂಜೆಕ್ಷನ್ ಬೈಕ್.

"ಚೋಕ್ ಎಲ್ಲೈತ್ರಿ?"

"ಇದಕ ಚೋಕ್ ಇಲ್ಲಪಾ. ಬಟನ್ ಒತ್ತಿದ್ರ ಆತು."

"ಅವ್ವ ಎಳಿ ಅಂದಾಳ್ರಿ!"

ಹುಡುಕಿದ. ಸೀಟಿನ ಕೆಳಗೆ ಕರೀ ವೈರು ಸಿಕ್ಕಿತು. ಎಳೆದ. ಬಂತು! ಅದನ್ನೇ ಹಿಡಿದು ಮನೆಗೆ ಓಡಿದ. "ಅವ್ವಾ, ಚೋಕ್ ತಂದೇನಿ!"

ಹೊನ್ನವ್ವ ಆ ವೈರು ಹಿಡಿದು, ಒಂದು ಬುಟ್ಟಿ ರೊಟ್ಟಿ ಹೊತ್ತು, ವೀರಭದ್ರಪ್ಪನ ಕೈಕಾಲು ಹಿಡಿದು ಬಂದಳು. ಬಂದವಳೇ ಕುಸಿದು ಕುಳಿತಳು. "ನಿನ್ನ ಹಡಿಯೋ ಬದಲು ಒಂದು ಒರಳುಕಲ್ಲು ಹಡದಿದ್ರ ಹಿಟ್ಟಾದ್ರೂ ರುಬ್ಬತಿತ್ತು! ಏನೂ ಎಳೀಬ್ಯಾಡ, ಏನೂ ಸುರೀಬ್ಯಾಡ! ಇಂಜೆಕ್ಷನ್ ಗಾಡಿಗೆ ಕೀಲಿ ತಿರುವಿದ್ರ ಹಳದಿ ದೀಪ ಹತ್ತತೈತಿ. ಅದು ಆರಬೇಕು. ಆರಿದ್ರ ತಗೊ, ಆರದಿದ್ರ ಬಿಡು!"

"ಆರಿದ್ರ ತಗೋತೀನಿ!"

ಹೋದ. ಈ ಸಲ ಫಕ್ಕೀರಪ್ಪ ಮಾಸ್ತರರ ಮನೆ. ಅವರದೂ ಇಂಜೆಕ್ಷನ್ ಬೈಕ್. ಕೀಲಿ ತಿರುವಿದ. ದೀಪ ಹತ್ತಿತು. ಆರಲಿಲ್ಲ.

"ಅದು ಆರಂಗಿಲ್ಲಪಾ, ಒಳಗ ಏನೋ ಕೆಟ್ಟೈತಿ. ರಿಪೇರಿ ಮಾಡಿಸಿ ಕೊಡ್ತೀನಿ, ಬರೋ ವಾರ ಬಾ," ಅಂದರು ಪಾಪ ಮಾಸ್ತರರು.

"ಬ್ಯಾಡ್ರಿ. ಕಾಯ್ತೀನಿ."

ಕುಳಿತ. ಬಿಸಿಲು ಏರಿತು, ಕುಳಿತ. ಬಿಸಿಲು ಇಳಿಯಿತು, ಕುಳಿತ. ದೀಪ ಮಂಕಾಯಿತು. ಇನ್ನೂ ಮಂಕಾಯಿತು. ಪಟ್ಟಂತ ಹೋಯಿತು.

"ಆರಿತು! ಆರಿತು!" ಮಾಸ್ತರರು ಬೇಡ ಬೇಡ ಅಂದರೂ ರೊಕ್ಕ ಅವರ ಕೈಗೆ ತುರುಕಿ, ಗಾಡಿ ತಳ್ಳಿಕೊಂಡೇ ಮನೆಗೆ ಬಂದ.

ಹೊನ್ನವ್ವ ಕೀಲಿ ತಿರುವಿದಳು. ದೀಪವಿಲ್ಲ. ಬಟನ್ ಒತ್ತಿದಳು. ಸದ್ದಿಲ್ಲ. ಕಿಕ್ ಹೊಡೆದಳು. ಉಸಿರಿಲ್ಲ.

"ಬ್ಯಾಟರಿ ಸತ್ತೈತೋ! ಬ್ಯಾಟರಿ ಇಲ್ಲದ ಇಂಜೆಕ್ಷನ್ ಗಾಡಿ ಕಿಕ್ಕಿಗೂ ಏಳಂಗಿಲ್ಲೋ!"

"ಸತ್ತೈತಾ?" ಮೈಲಾರಿಯ ಕಣ್ಣಲ್ಲಿ ನೀರು ಬಂತು.

"ಸತ್ತದ್ದರ ಮುಂದ ಅಳಕೋಂತ ನಿಂತರ ಏನ್ ಬಂತೋ? ಮುಂದಿನ ಕೆಲಸ ನೋಡು ಹೋಗು!" ಅಂತ ಚೀರಿ, ಆಕೆ ಹಿಟ್ಟು ನಾದಲು ಒಳಗೆ ಹೋದಳು.

ರೊಟ್ಟಿ ಮುಗಿಸಿ ಹಿತ್ತಲಿಗೆ ಬಂದು ನೋಡುತ್ತಾಳೆ, ತಿಪ್ಪೆಗುಂಡಿ ಮುಚ್ಚಿದೆ. ಮಣ್ಣಿನ ಮೇಲೆ ಹ್ಯಾಂಡಲ್ ಒಂದೇ ಕಾಣುತ್ತಿದೆ. ಅದಕ್ಕೆ ಚೆಂಡುಹೂವಿನ ಮಾಲೆ. ಮೈಲಾರಿ ಒದ್ದೆ ಪಂಚೆಯಲ್ಲಿ ಕೈಕಟ್ಟಿ ನಿಂತಿದ್ದಾನೆ.

"ಬ್ಯಾಟರಿ ಬಿಚ್ಚಾಕ ಬರಲಿಲ್ಲವ್ವಾ," ಅಂದ ಮೆಲ್ಲಗೆ, "ಗಾಡಿ ಸಮೇತ ಇಟ್ಟೇನಿ. ಬಾ, ನೀನೂ ಒಂದು ಹಿಡಿ ಮಣ್ಣ ಹಾಕು."