ಭರಮಣ್ಣನ ಅಂಗಾಲ ಮೇಲೆ ತಿಪ್ಪಕ್ಕ

ಮಕ್ಕಳೇ, ಒಂದು ಕಾಡಿನ ಕೆರೆದಂಡೆಯಲ್ಲಿ ಶೇಷಜ್ಜ ಎಂಬ ಆಮೆ ಯೋಗ ಕಲಿಸುತ್ತಿದ್ದ. ಒಬ್ಬರೇ ಮಾಡುವ ಯೋಗವಲ್ಲ. ಒಬ್ಬರು ಅಂಗಾತ ಮಲಗಿ ಕಾಲೆತ್ತಬೇಕು, ಇನ್ನೊಬ್ಬರು ಆ ಅಂಗಾಲುಗಳ ಮೇಲೆ ಹಕ್ಕಿಯಂತೆ ತೇಲಬೇಕು, ಮೂರನೆಯವರು ಬಿದ್ದರೆ ಹಿಡಿಯಲು ಪಕ್ಕದಲ್ಲಿ ನಿಲ್ಲಬೇಕು. ಇದನ್ನು ಕಲಿಸಲು ಶೇಷಜ್ಜನಿಗಿದ್ದ ಅರ್ಹತೆ ಒಂದೇ. ಹಿಂದೊಮ್ಮೆ ಬೆನ್ನು ಕೆಳಗಾಗಿ ಉರುಳಿಬಿದ್ದವನು, ಎರಡು ದಿನ ಯಾರನ್ನೂ ಕೂಗದೆ ಮರ್ಯಾದೆ ಕಾಪಾಡಿಕೊಂಡಿದ್ದ. ಮೂರನೆಯ ದಿನ ಕೂಗಿದ.

"ನಿಯಮ ಇಷ್ಟೇ," ಎನ್ನುತ್ತಿದ್ದ ಶೇಷಜ್ಜ. "ಮೂವರಲ್ಲಿ ಯಾರು 'ಇಳಿ' ಅಂದರೂ ತಕ್ಷಣ ಇಳಿಯಬೇಕು. ಯಾಕೆ ಅಂತ ನೆಲಕ್ಕೆ ಬಂದ ಮೇಲೆ ಕೇಳಿ."

ಅಡಿಯಲ್ಲಿ ಮಲಗುವವನು ಕರಡಿ ಭರಮಣ್ಣ. ಬಲಶಾಲಿ. ಅವನ ಬಾಯಲ್ಲಿ 'ಸಾಕು' ಎಂಬ ಮಾತು ಬಂದದ್ದನ್ನು ಜೇನು ತಿನ್ನುವಾಗಲೂ ಯಾರೂ ಕೇಳಿರಲಿಲ್ಲ.

ಮೇಲೇರುವವಳು ಮುಸುವ ಜಾತಿಯ ಕೋತಿ ತಿಪ್ಪಕ್ಕ. ಕೂತಿದ್ದ ಮತ್ತಿಮರದ ಕೊಂಬೆ ಮುರಿದು, ಕೆಳಗೆ ಬಿದ್ದು ಬಲಗೈ ಸೊಟ್ಟಗಾದ ಮೇಲೆ ಒಂದು ವರ್ಷದಿಂದ ಅವಳು ಮರ ಹತ್ತಿರಲಿಲ್ಲ. ಮುಸುವನಿಗೆ ನೆಲವೆಂದರೆ ಮೀನಿಗೆ ಬುಟ್ಟಿ ಇದ್ದಂತೆ.

ಪಕ್ಕದಲ್ಲಿ ನಿಲ್ಲುವವನು ಕಾಡುಹಂದಿ ಕೆಂಚಪ್ಪ. "ನಿನಗೇನಪ್ಪ ಕೆಲಸ?" ಎಂದು ಕೊಕ್ಕರೆಗಳು ಕೇಳಿದರೆ, "ನಿಂತಿದ್ದೀನಲ್ಲ," ಎನ್ನುತ್ತಿದ್ದ. ಒಂಟಿಕಾಲಲ್ಲಿ ನಿಂತವರಿಗೆ ನಾಲ್ಕು ಕಾಲಲ್ಲಿ ನಿಂತವನು ಸೋಮಾರಿಯಾಗಿಯೇ ಕಾಣುತ್ತಾನೆ.

ಮೊದಲ ದಿನ ಭರಮಣ್ಣ ತಿಪ್ಪಕ್ಕನ ಹೊಟ್ಟೆಗೆ ಅಂಗಾಲು ಕೊಟ್ಟು ಮೆಲ್ಲಗೆ ಎತ್ತಿದ. ಅವಳು ಎಡಗೈ ಚಾಚಿದಳು, ಬಾಲ ನಿಮಿರಿಸಿದಳು. ಹುಲ್ಲು ಮೇಯುತ್ತಿದ್ದ ಜಿಂಕೆಗಳೂ ತಲೆಯೆತ್ತಿ ನೋಡಿದವು. ಅಷ್ಟು ಚೆಂದವಿತ್ತು.

"ಏನು ಕಾಣುತ್ತೆ, ತಿಪ್ಪಕ್ಕ?" ಎಂದ ಕೆಳಗಿನಿಂದ ಭರಮಣ್ಣ.

"ಜೊಂಡಿನ ಆಚೆ ಆಲದಮರ. ಹಣ್ಣಾಗಿದೆ. ನಮ್ಮವರ ಬಾಲಗಳೂ ಕಾಣ್ತಾ ಇವೆ."

ಆಮೇಲೆ ಅವಳು ದಿನವೂ ಎಲ್ಲರಿಗಿಂತ ಮೊದಲೇ ಬಂದು ಕೂರುತ್ತಿದ್ದಳು.

ಐದನೆಯ ದಿನ ಕೊಕ್ಕರೆಗಳು ಸಾಲುಗಟ್ಟಿ ನೋಡುತ್ತಿದ್ದವು. ಭರಮಣ್ಣ ಎಂದಿಗಿಂತ ಹೆಚ್ಚು ಹೊತ್ತು ಎತ್ತಿಹಿಡಿದ.

"ಅಣ್ಣ, ತೊಡೆ ನಡುಗ್ತಿದೆ," ಎಂದ ಕೆಂಚಪ್ಪ.

"ಗಾಳಿ ಕಣೋ."

"ಗಾಳಿಗೆ ಎಲೆ ನಡುಗುತ್ತೆ, ತೊಡೆ ಅಲ್ಲ."

ಕೆಂಚಪ್ಪ 'ಇಳಿ' ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಭರಮಣ್ಣನ ಮೊಣಕಾಲು ಮಡಚಿಕೊಂಡಿತು. ತಿಪ್ಪಕ್ಕ ಕೆಂಚಪ್ಪನ ಬೆನ್ನ ಮೇಲೆ ದೊಪ್ಪನೆ ಬಿದ್ದಳು. ಅವನ ಕೆಲಸವೇನೆಂದು ಕೊಕ್ಕರೆಗಳಿಗೆ ಅಂದು ತಿಳಿಯಿತು.

ತಿಪ್ಪಕ್ಕನಿಗೆ ಪೆಟ್ಟಾಗಲಿಲ್ಲ. ಮೈ ಕೊಡವಿಕೊಂಡು ಎದ್ದಳು.

"ಬಿದ್ದದ್ದಕ್ಕೆ ಬೇಜಾರಿಲ್ಲ, ಭರಮಣ್ಣ. ಆ ಮತ್ತಿಯ ಕೊಂಬೆಯೂ ಮುರಿಯೋ ಮುಂಚೆ ಏನೂ ಹೇಳಲಿಲ್ಲ. ಪಾಪ, ಅದಕ್ಕೆ ಬಾಯಿರಲಿಲ್ಲ. ನಿನಗಿತ್ತು."

ಹಾಗೆಂದು ಹೊರಟುಹೋದಳು. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಭರಮಣ್ಣ ಶೇಷಜ್ಜನ ಬಳಿ ಕೂತ. "ಅಜ್ಜ, ಅವತ್ತು ಕೂಗಿದೆಯಲ್ಲ, ಆಮೇಲೆ ನಿನ್ನ ಮರ್ಯಾದೆ ಹೋಯ್ತಾ?"

"ಹೋಯ್ತು. ಅದಿಲ್ಲದೆ ನಡೆಯೋದು ಹಗುರ."

ಭರಮಣ್ಣ ಗುಹೆಗೆ ಹೋಗಿ ಗೋಡೆಗೆ ಮುಖಮಾಡಿ 'ಇಳಿ, ಇಳಿ' ಎಂದು ಅಭ್ಯಾಸ ಮಾಡಿದ. ಬಂಡೆ ಎತ್ತುವುದು ಇದಕ್ಕಿಂತ ಸುಲಭವಿತ್ತು. ಬೆಳಗಾದ ಮೇಲೆ ತಿಪ್ಪಕ್ಕ ಕೂತಿದ್ದ ಪೊದೆಯ ಬಳಿಗೇ ಹೋಗಿ ಕರೆದ.

"ಒಂದೇ ಸಲ," ಎಂದಳು ಅವಳು. ಆಲದಮರದ ಆಸೆ ಅವಳಿಗೂ ಬಿಟ್ಟಿರಲಿಲ್ಲ.

ಕೆಂಚಪ್ಪ ಪಕ್ಕದಲ್ಲಿ ನಿಂತ. ಭರಮಣ್ಣ ಎತ್ತಿದ. ಕೊಕ್ಕರೆಗಳು ಕತ್ತು ಚಾಚಿ ಕಾದವು. ಏಳನೆಯ ಉಸಿರಿಗೆ, ಎಲ್ಲರಿಗೂ ಕೇಳುವಂತೆ, ಭರಮಣ್ಣ ಹೇಳಿದ:

"ಇಳಿ."

ತಿಪ್ಪಕ್ಕ ಇಳಿದಳು.

"ಇಷ್ಟೇನಾ?" ಎಂದಿತು ಒಂದು ಕೊಕ್ಕರೆ.

ನೆಲಕ್ಕೆ ಬಂದ ಮೇಲೆ ತಿಪ್ಪಕ್ಕ ಕೇಳಿದಳು, "ಯಾಕೆ?"

"ಎಡದೊಡೆ ಸೋತಿತು, ತಿಪ್ಪಕ್ಕ."

ಅವಳು ಜೊಂಡಿನ ಕಡೆ ನೋಡಿದಳು. ಮತ್ತೆ ಅವನ ಕಡೆ ನೋಡಿದಳು.

"ಸ್ವಲ್ಪ ಸುಧಾರಿಸಿಕೋ. ಈ ಸಲ ನಿಂತುಕೊಳ್ತೀನಿ."

ನಿಂತಳು. ಎರಡು ಅಂಗಾಲಿನ ಮೇಲೆ ಎರಡು ಪಾದ, ಬಾಲ ನೆಟ್ಟಗೆ. ನೆಲದಿಂದ ಅಳೆದರೆ ಅದು ಕರಡಿಯ ಕಾಲಿನಷ್ಟೇ ಎತ್ತರ. ಆದರೆ ಅಲ್ಲಿಂದ ಆಲದಮರ ಬುಡದವರೆಗೂ ಕಾಣುತ್ತಿತ್ತು.

ನೀತಿ: ಸೋತಾಗ ಬಾಯಿಬಿಟ್ಟು ಹೇಳುವವನ ಮೇಲೆ ಮಾತ್ರ ನಿಶ್ಚಿಂತೆಯಿಂದ ನಿಲ್ಲಬಹುದು.