ರಾಣಿ ಕೈ ನೀಡದ ಸಂಜೆ

ಹೊಳೆಯ ದಂಡೆಯಲ್ಲಿ ಒಂದು ಆಶ್ರಮವಿತ್ತು. ಆಶ್ರಮವೆಂದರೆ ಜಪತಪದ್ದಲ್ಲ, ನಾಟಕ ಕಲಿಸುವ ಜಾಗ. ಆಯ್ಚವ್ವೆ ಎಂಬ ಮುದುಕಿ ಅಲ್ಲಿಯ ಗುರು. ಅವಳ ಶಿಷ್ಯೆ ಮಾಚಲೆಗೆ ಯಾವಾಗಲೂ ರಾಣಿಯ ಪಾತ್ರ.

ನಾಟಕದ ಕಥೆಯನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯುದ್ಧದಲ್ಲಿ ಸೋತ ರಾಜ ತನ್ನ ಜೀವ ಉಳಿಸಿಕೊಳ್ಳಲು ಹೆಂಡತಿಯನ್ನು ಶತ್ರುವಿನ ಬಳಿ ಒತ್ತೆಯಿಟ್ಟು ಹೋಗುತ್ತಾನೆ. ವರ್ಷಗಳ ಮೇಲೆ ಗೆದ್ದು ಬಂದು ಕೈ ಚಾಚುತ್ತಾನೆ. ರಾಣಿ ಅವನ ಕೈಯಲ್ಲಿ ಕೈ ಇಡಬೇಕು. ಇಟ್ಟ ಮೇಲೆಯೇ ಮಂಗಳಾರತಿ. ಅಂದರೆ, ಕೈ ಸೇರದೆ ನಾಟಕ ಮುಗಿಯುವಂತಿಲ್ಲ. ಅದು ಹಿಂದಿನಿಂದ ಬಂದ ಕಟ್ಟಳೆ.

ಒಂದು ದಿನ ಮಾಚಲೆ ಕೇಳಿದಳು. "ಅವ್ವಾ, ರಾಣಿ ಅಷ್ಟು ಬೇಗ ಯಾಕೆ ಕ್ಷಮಿಸುತ್ತಾಳೆ?"

"ಆರತಿಗೆ ಎಣ್ಣೆ ಹಾಕಿಟ್ಟಿರುತ್ತಾರಲ್ಲ, ಮಗಳೇ."

ಆ ಮಾತು ಮಾಚಲೆಯನ್ನು ಚುಚ್ಚಿತು. ಆಶ್ರಮದಲ್ಲೇ ಊರಿನ ಮುಂದೆ ನಾಟಕವಾದ ಸಂಜೆ ರಾಜ ಕೈ ಚಾಚಿದ. ಅವಳು ಸುಮ್ಮನೆ ನಿಂತಳು.

"ಕೈ ನೀಡೇ! ಜನ ನೋಡ್ತಿದ್ದಾರೆ," ಎಂದು ರಾಜ ಪಿಸುಗುಟ್ಟಿದ.

"ನೋಡಲಿ," ಎಂದಳು ಮಾಚಲೆ, ಎಲ್ಲರಿಗೂ ಕೇಳುವಂತೆ. "ಒತ್ತೆಯಿಡುವಾಗ ನೀವು ಈ ಕೈಯನ್ನು ಕೇಳಿರಲಿಲ್ಲ." ಬೆನ್ನು ತಿರುಗಿಸಿ ಪರದೆಯ ಹಿಂದೆ ಹೋದಳು.

ಆರತಿ ಎತ್ತಲಿಲ್ಲ. ಆದರೂ ಜನ ಎದ್ದು ನಿಂತರು. ಮುಂದೆ ಕುಳಿತಿದ್ದ ಊರಗೌಡ ಶಲ್ಯದಿಂದ ಕಣ್ಣೊರೆಸಿಕೊಂಡ. "ಹೆಣ್ಣು ಅಂದರೆ ಹೀಗಿರಬೇಕು," ಎಂದ.

ಮಾಚಲೆ ಗುರುವಿನ ಕಾಲಿಗೆ ಎರಗಿದಳು. ಹೊಗಳಿಕೆಗೆ ಕಾದಳು.

"ಕೈ ನೀಡದೆ ಎಲ್ಲಿಗೆ ಹೋದೆ?" ಎಂದು ಕೇಳಿದಳು ಆಯ್ಚವ್ವೆ.

"ಪರದೆಯ ಹಿಂದಕ್ಕೆ."

ಗುರು ಹಚ್ಚದ ಆರತಿಯ ಎಣ್ಣೆಯನ್ನು ಬಸಿದಿಡಲು ಎದ್ದುಹೋದಳು. ಮುದುಕಿಗೆ ಹೊಟ್ಟೆಕಿಚ್ಚು ಎಂದುಕೊಂಡಳು ಮಾಚಲೆ.

ಮರುದಿನ ಬೆಳಗ್ಗೆ ಒಬ್ಬ ಹೆಂಗಸು ಓಡುತ್ತಾ ಬಂದಳು. ಗೌಡನ ಸೊಸೆ, ದೇಕವ್ವ. ಗಂಡ ಹೊಡೆದು ಅವಳ ಮೊಣಕೈ ಊದಿತ್ತು.

"ಇನ್ನು ಆ ಮನೆಗೆ ಹೋಗೋದಿಲ್ಲ ಅಂತ ಹೇಳಿ ಬಂದೆ, ಅಕ್ಕಾ. ನಿಮ್ಮ ಹಾಗೇ, ಬೆನ್ನು ತಿರುಗಿಸಿ ಬಂದೆ."

"ಈಗ ಎಲ್ಲಿಗೆ ಹೋಗುತ್ತೀ, ತಾಯಿ?" ಎಂದಳು ಮಾಚಲೆ.

"ನೀವು ಹೋದಲ್ಲಿಗೇ. ನಿನ್ನೆ ನೋಡಿದೆನಲ್ಲ." ಅವಳು ಪರದೆ ಸರಿಸಿ ಹಿಂದೆ ಹೋಗಿ ಕುಳಿತಳು.

ಅಷ್ಟರಲ್ಲಿ ಗೌಡನೂ ಮಗನೂ ಬಂದರು. ಆಯ್ಚವ್ವೆ ಬಾಗಿಲಿಗೆ ಅಡ್ಡ ನಿಂತಳು.

"ಗೌಡರೇ, ನಿನ್ನೆ ಕಣ್ಣೀರಿಟ್ಟವರು ನೀವೇ ಅಲ್ಲವೇ?" ಎಂದಳು ಮಾಚಲೆ.

"ಹೌದಮ್ಮ, ಸುಳ್ಳು ಯಾಕೆ ಹೇಳಲಿ? ಚೆನ್ನಾಗಿ ಆಡಿದೆ," ಎಂದು ಗೌಡ ನಕ್ಕ. "ಆದರೆ ಅವಳು ರಾಣಿ. ಇವಳು ನಮ್ಮ ಮನೆ ಸೊಸೆ. ಬೆಳಗ್ಗೆಯಿಂದ ಹಸು ಕರೆಯೋರಿಲ್ಲ."

ಮಗ ಮುದುಕಿಯನ್ನು ಪಕ್ಕಕ್ಕೆ ತಳ್ಳಿದ. ಒಳಗೆ ನುಗ್ಗಿ ಒಂದೇ ಕೈಯಲ್ಲಿ ಪರದೆ ಎಳೆದ. ಅದು ಹರಿಯಿತು. ಮಾಚಲೆ ಅಡ್ಡ ಹೋದಳು. ಅವನು ಅವಳನ್ನೂ ನೂಕಿದ. ಹೆಂಡತಿಯ ಊದಿದ ಕೈಯನ್ನೇ ಹಿಡಿದು ಹೊರಗೆ ಎಳೆದ.

ದೇಕವ್ವ ಹೋಗುತ್ತಾ ಮಾಚಲೆಯನ್ನು ತಿರುಗಿ ನೋಡಿದಳು. ಆ ನೋಟದಲ್ಲಿ ಸಿಟ್ಟು ಇರಲಿಲ್ಲ. ತಪ್ಪು ದಾರಿ ಹೇಳಿದವರನ್ನು ನೋಡುವಂತೆ ನೋಡಿದಳು, ಅಷ್ಟೆ.

ಅವರು ಹೊಳೆ ದಾಟುವವರೆಗೂ ಮಾಚಲೆ ನಿಂತೇ ಇದ್ದಳು. ಆಮೇಲೆ ಬಿಕ್ಕಿದಳು.

"ನಾನು ಮಾಡಿದ್ದನ್ನೇ ತಾನೇ ಅವ್ವಾ, ಅವಳೂ ಮಾಡಿದ್ದು?"

ಆಯ್ಚವ್ವೆ ನೆಲದ ಮೇಲೆ ಬಿದ್ದ ಪರದೆಯನ್ನು ಮಡಿಲಿಗೆ ಎಳೆದುಕೊಂಡಳು. ಹರಿದ ಜಾಗ ಹುಡುಕಿ, ಸೂಜಿಗೆ ದಾರ ಪೋಣಿಸಿದಳು.

"ರಾಣಿಯನ್ನು ಹುಡುಕಿಕೊಂಡು ಪರದೆಯ ಹಿಂದೆ ಯಾರೂ ಬರಲಿಲ್ಲ, ಮಗಳೇ."