ಬಾಮೈದನಕಲ್ಲು

ಪಶ್ಚಿಮಘಟ್ಟವು ತೆಂಕಣಕ್ಕೆ ಇಳಿದು ಪೂರ್ವಘಟ್ಟದ ಸಾಲನ್ನು ಕೂಡಿಕೊಳ್ಳುವ ಕಡೆ, ಹತ್ತಾರು ಬೆಟ್ಟಗಳ ನಡುವೆ ಒಂದು ಬೆಟ್ಟ ಮಾತ್ರ ಮೂಡಣಕ್ಕೆ ಮುಖ ಕೊಯ್ದಂತೆ ನಿಂತಿದೆ. ಹಿಮಾಲಯ ನೋಡಿ ಬಂದವರಿಗೆ ಇದು ಬೆಟ್ಟವೇ ಅಲ್ಲ, ಒಂದು ದಿಣ್ಣೆ. ಹಾಗೆಂದು ನಗಾಡಿಕೊಂಡು ಹತ್ತಿದವರೂ ತುದಿಯಂಚಿಗೆ ಬಂದ ಮೇಲೆ ಪಕ್ಕದವರ ತೋಳು ಹಿಡಿದುಕೊಳ್ಳುತ್ತಾರೆ, ಆ ಮಾತು ಬೇರೆ. ಹಿಂದೆ ಸರ್ವೆಯವರು ಬಂದು ಎತ್ತರ ಅಳೆದು, ನಕ್ಷೆಯಲ್ಲಿ ಒಂದು ಸಂಖ್ಯೆ ಬರೆದುಕೊಂಡು ಹೋದರು. ಹೆಸರನ್ನು ಕೇಳುವ ಗೋಜಿಗೆ ಹೋಗಲಿಲ್ಲ. ಬುಡದ ಪೋಡಿನಲ್ಲಿ, ಎಂದರೆ ಬೆಟ್ಟದ ಜನರ ಆ ಸಣ್ಣ ಕೇರಿಯಲ್ಲಿ, ಯಾವ ಮಗುವನ್ನು ಕೇಳಿದರೂ ಹೆಸರು ಹೇಳುತ್ತದೆ: ಬಾಮೈದನಕಲ್ಲು ಬೆಟ್ಟ. ಯಾರ ಬಾಮೈದ ಎಂದು ಕೇಳಿದರೆ ಮಾತ್ರ ಮಗು ಒಳಗೆ ಓಡಿಹೋಗುತ್ತದೆ, ಹಿರಿಯರು ಬಂದು ಜಗಲಿಯ ಮೇಲೆ ಕೂರುತ್ತಾರೆ.

ಹಿಂದೆ ಒಂದು ಕಾಲಕ್ಕೆ ಆ ಪೋಡಿನವರೆಲ್ಲ ಹೆಜ್ಜೇನು ಇಳಿಸುವ ಕಸುಬಿನವರಾಗಿದ್ದರಂತೆ. ಮಳೆಗಾಲ ಹಿಡಿಯುವ ಮುಂಚೆ ಮೂಡಣದ ಬಂಡೆಗೋಡೆಯಲ್ಲಿ ಆಳುದ್ದದ ಜೇನುತಟ್ಟಿಗಳು ಕಟ್ಟುತ್ತಿದ್ದವು. ಬಳ್ಳಿ ಹೊಸೆದು ಮಾಡಿದ ಹಗ್ಗದ ಕುಣಿಕೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಬ್ಬ ಇಳಿಯುತ್ತಿದ್ದ, ಮೇಲೆ ಒಬ್ಬ ಬಂಡೆಗೆ ಕಾಲು ಒದ್ದುಕೊಟ್ಟು ಹಗ್ಗ ಹಿಡಿಯುತ್ತಿದ್ದ. ಹಾಗೆ ಹಿಡಿಯುವವನು ಇಳಿಯುವವನ ಹೆಂಡತಿಯ ಒಡಹುಟ್ಟಿದವನೇ ಆಗಬೇಕೆಂಬುದು ಕಟ್ಟಳೆ. ಅಣ್ಣತಮ್ಮಂದಿರ ನಡುವೆ ಮನಸ್ತಾಪ ಇದ್ದೀತು, ಗೆಳೆಯನಿಗೆ ಆಸೆ ಹುಟ್ಟೀತು, ಆದರೆ ತನ್ನ ಅಕ್ಕನೋ ತಂಗಿಯೋ ತಾಳಿ ಕಳೆದುಕೊಳ್ಳಲೆಂದು ಯಾವ ಗಂಡಸೂ ಕೈ ಬಿಡುವುದಿಲ್ಲ. ಹಗ್ಗವನ್ನು ಮರಕ್ಕಾಗಲಿ ಕಲ್ಲಿಗಾಗಲಿ ಕಟ್ಟುವಂತಿರಲಿಲ್ಲ, ಮರಕ್ಕೂ ಕಲ್ಲಿಗೂ ಒಡಹುಟ್ಟಿದವರಿಲ್ಲವಲ್ಲ. ಕೆಳಗಿನವನು ಕೂಗುವಂತೆಯೂ ಇರಲಿಲ್ಲ. ಹಗ್ಗವನ್ನು ಒಮ್ಮೆ ಜಗ್ಗಿದರೆ ಇಳಿಸು, ಎರಡು ಸಲ ಜಗ್ಗಿದರೆ ನಿಲ್ಲಿಸು, ಮೂರು ಸಲ ಜಗ್ಗಿದರೆ ಮೇಲಕ್ಕೆಳೆ. ಕೂಗಿದ ದನಿಯನ್ನು ಬೆಟ್ಟ ಕಲಿತುಬಿಡುತ್ತದೆ ಎಂದು ಹಿರಿಯರು ಹೆದರುತ್ತಿದ್ದರು.

ಆ ಪೋಡಿನ ಅಚ್ಚುಗ ಎಂಬವನ ಭಾವ ಜಡೆಯ, ಬಂಡೆಗೋಡೆಯಲ್ಲಿ ಹಲ್ಲಿಯಂತೆ ಓಡಾಡುತ್ತಿದ್ದ ಗಟ್ಟಿಗ. ಅಚ್ಚುಗನ ಅಕ್ಕ ಬೊಮ್ಮಿಗೆ ಆಗ ಬಸಿರು, ಮೂರು ತಿಂಗಳು. ಗಂಡನನ್ನೂ ತಮ್ಮನನ್ನೂ ಬಿಟ್ಟರೆ ಪೋಡಿನಲ್ಲಿ ಯಾರಿಗೂ ಅದಿನ್ನೂ ತಿಳಿದಿರಲಿಲ್ಲ. ಒಂದು ಬೆಳಿಗ್ಗೆ ಭಾವಮೈದುನರು ಬೆಟ್ಟ ಹತ್ತಿದರು. ಜಡೆಯ ಹೊಗೆಯ ಸೂಡಿ, ಸೋರೆಬುರುಡೆ ತೆಗೆದುಕೊಂಡು ಇಳಿದ. ಎರಡು ಸಲ ಜಗ್ಗಿದ, ಅಚ್ಚುಗ ಹಗ್ಗವನ್ನು ಸೊಂಟಕ್ಕೆ ಸುತ್ತಿ ನಿಲ್ಲಿಸಿದ. ಅಷ್ಟರಲ್ಲಿ ಕಣಿವೆಯಿಂದ ಮಂಜು ಎದ್ದಿತು. ಬಿಸಿಲಿನ ಹೊತ್ತಿನಲ್ಲಿ ಏಳಬಾರದ ಮಂಜು ಅದು. ನೋಡುತ್ತಿದ್ದಂತೆ ಅಂಚು ಮುಚ್ಚಿತು, ಹಗ್ಗ ಮಾರುದ್ದ ಕಂಡು ಆಮೇಲೆ ಬಿಳುಪಿನೊಳಗೆ ಹೋಯಿತು. ಕೆಳಗೆ ಗುಂಯ್ಗುಡುತ್ತಿದ್ದ ಜೇನ್ನೊಣಗಳ ಸದ್ದೂ ನಿಂತಿತು.

“ಬಾಮೈದ, ಸಾಕು ಬುಡ್ಲಾ. ನಾನು ಆ ಮಗ್ಗುಲಿಂದ ಹತ್ಕಂಡು ಬಂದೆ” ಎಂದಿತು ಬೆನ್ನ ಹಿಂದಿನ ದನಿ.

ಅಚ್ಚುಗ ತಿರುಗಿ ನೋಡಿದ. ಜಡೆಯನೇ ನಿಂತಿದ್ದ. ಮೊಣಕೈಯಿಂದ ಜೇನು ತೊಟ್ಟಿಕ್ಕುತ್ತಿತ್ತು, ಮುಖಕ್ಕೆ ಹೊಗೆಯ ಮಸಿ ಮೆತ್ತಿತ್ತು. ಆದರೆ ಸೊಂಟಕ್ಕೆ ಸುತ್ತಿದ ಹಗ್ಗದಲ್ಲಿ ಒಬ್ಬ ಆಳಿನ ಭಾರ ಹಾಗೆಯೇ ಇತ್ತು. ಅಚ್ಚುಗ, “ಹಂಗಾರೆ ಕೆಳಗಿರಾದು ಯಾರು ಭಾವ?” ಎಂದ. “ಯಾರೂ ಇಲ್ಲ ಕಣ್ಲಾ, ಕುಣಿಕೆ ಬಂಡೆ ಸಂದಿಗೆ ಸಿಕ್ಕಾಕಂಡದೆ” ಎಂದು ಜಡೆಯ ನಕ್ಕ. ಆಗಲೇ ಹಗ್ಗ ಜಗ್ಗಿತು, ಒಂದು, ಎರಡು, ಮೂರು. ಜಡೆಯ ಅದನ್ನು ಕಂಡೂ ಕಾಣದವನಂತೆ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತ. ಮನೆಯ ಮಾತು ತೆಗೆದ. ಹುಟ್ಟುವುದು ಹೆಣ್ಣಾದರೆ ಅವ್ವನ ಹೆಸರಿಡೋಣ ಎಂದ. ಬಸಿರಿನ ಸಂಗತಿ ಹೊರಗಿನವರಿಗೆ ಗೊತ್ತಿಲ್ಲವಲ್ಲ! ಅಚ್ಚುಗನ ಕೈ ಸಡಿಲಾಯಿತು. ಇನ್ನೇನು ಬಿಡಬೇಕು, ಆಗ ಆ ಮುಖವನ್ನು ಮತ್ತೊಮ್ಮೆ ನೋಡಿದ. ಹೆಜ್ಜೇನಿನ ನಡುವೆ ಕೈಯಿಟ್ಟು ಬಂದವನ ಮುಖದಲ್ಲಿ ಒಂದೇ ಒಂದು ಕಡಿತದ ಬಾವು ಇರಲಿಲ್ಲ. ಅಚ್ಚುಗನ ಕೈ ಹಗ್ಗವನ್ನು ಮತ್ತೆ ಬಿಗಿಯಾಗಿ ಹಿಡಿಯಿತು.

ಅದು ಸಿಟ್ಟಾಗಲಿಲ್ಲ. ಮೆಲ್ಲಗೆ ಎದ್ದು ಮೈ ಕೊಡವಿಕೊಂಡಿತು. “ಸರಿ, ನೀನು ಹಿಡ್ಕಂಡೇ ಇರು. ನಾನು ಮನೆಗೋಯ್ತೀನಿ. ಬೊಮ್ಮಿ ಕಾಯ್ತಾ ಕುಂತವ್ಳೆ” ಎಂದು ಪೋಡಿನ ದಾರಿ ಹಿಡಿದು ಮಂಜಿನಲ್ಲಿ ಇಳಿಯಿತು. ಹೆಜ್ಜೆಯ ಸಪ್ಪಳ ದೂರವಾಗುತ್ತಾ ಹೋಯಿತು.

ಅಚ್ಚುಗನ ಪಾಡು ಯಾರಿಗೂ ಬೇಡ. ಹಿಡಿದುಕೊಂಡು ಕೂತರೆ ಆ ವಸ್ತು ಬಸುರಿ ಅಕ್ಕನ ಬಾಗಿಲಿಗೆ ಹೋಗುತ್ತದೆ, ಬಿಟ್ಟು ಓಡಿದರೆ ಅಕ್ಕನ ಗಂಡ ಪಾತಾಳಕ್ಕೆ ಹೋಗುತ್ತಾನೆ. ಹಗ್ಗ ಮತ್ತೆ ಮೂರು ಸಲ ಜಗ್ಗಿತು. ಅಚ್ಚುಗ ಹಲ್ಲು ಕಚ್ಚಿ ಎಳೆದ, ಅಂಗೈ ಸುಲಿದುಹೋಯಿತು, ಹಗ್ಗ ಗೇಣೂ ಮೇಲೆ ಬರಲಿಲ್ಲ. ಮಂಜಿನಲ್ಲಿ ಕೆಳಗಿನವನಿಗೆ ಕಾಲಿಡುವ ಜಾಗ ಕಂಡಿರಲಿಕ್ಕಿಲ್ಲ. ಕಡೆಗೆ ಅಚ್ಚುಗ ಯಾರೂ ಮಾಡದ್ದನ್ನು ಮಾಡಿದ. ತಾನು ಕಾಲು ಒದ್ದುಕೊಟ್ಟಿದ್ದ ಗುಂಡುಕಲ್ಲಿಗೇ ಹಗ್ಗವನ್ನು ಮೂರು ಸುತ್ತು ಸುತ್ತಿ ಗಂಟು ಬಿಗಿದ. ಬರಿಯ ಕಲ್ಲಿಗೆ ಭಾವನನ್ನು ಒಪ್ಪಿಸಲು ಮನಸ್ಸು ಬಾರದೆ, ಅದರ ಮೇಲೆ ಹಣೆಯಿಟ್ಟು, “ಕಲ್ಲಪ್ಪಾ, ಇವತ್ತಿಂದ ನೀನು ಬೊಮ್ಮಿಗೆ ಅಣ್ಣ, ನನಗೂ ಅಣ್ಣ. ನಾನು ಬರಗಂಟ ಕೈ ಬುಡಬ್ಯಾಡ” ಎಂದ. ಎದ್ದು ತಿರುಗುವಾಗ, ಸಡಿಲಾಗಿದ್ದ ಸುತ್ತುಗಳು ತಾವಾಗಿ ಬಿಗಿದುಕೊಂಡ ಸದ್ದು ಕೇಳಿಸಿತಂತೆ.

ಅಚ್ಚುಗ ಬಿದ್ದು ಎದ್ದು ಪೋಡಿಗೆ ಬಂದಾಗ ಬೊಮ್ಮಿ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಅಲ್ಲಿಗೆ ಯಾರೂ ಬಂದಿರಲಿಲ್ಲ. ಅವಳು ತಮ್ಮನ ಮುಖ ನೋಡಿದಳು, ರಕ್ತ ಸುರಿಯುತ್ತಿದ್ದ ಬರಿಗೈ ನೋಡಿದಳು. “ಹಗ್ಗ ಯಾರ ಕೈಲದೆ?” ಎಂದಳು. ಬೆಟ್ಟಕ್ಕೆ ಬೇಕಾಗಿದ್ದದ್ದು ಬೊಮ್ಮಿಯಲ್ಲ, ತನ್ನ ಕೈಯಿಂದ ಹಗ್ಗ ಬಿಡಿಸುವುದು ಅಷ್ಟೇ ಎಂದು ಅಚ್ಚುಗನಿಗೆ ಆ ಗಳಿಗೆಯಲ್ಲಿ ಹೊಳೆಯಿತು. ಅಯ್ಯೋ ಎಂದು ಎದೆ ಬಡಿದುಕೊಂಡು ಪೋಡಿನವರನ್ನೆಲ್ಲ ಕೂಗಿ ಕರೆದ.

ಪೋಡಿಗೆ ಪೋಡೇ ಮೇಲಕ್ಕೆ ಓಡಿತು. ಮಂಜು ಹರಿದು ಬಿಸಿಲು ಸುಡುತ್ತಿತ್ತು. ಹಗ್ಗ ಸೆಟೆದು ನಿಂತಿತ್ತು, ಭಾರ ಇದ್ದೇ ಇತ್ತು. ಎಲ್ಲರೂ ಕೈ ಹಾಕಿ ಎಳೆದರೆ ಅದು ಹುಲ್ಲುಕಡ್ಡಿಯಂತೆ ಹಗುರಾಗಿ ಬಂದುಬಿಟ್ಟಿತು. ತುದಿಯಲ್ಲಿ ಜಡೆಯ ಹಾಕಿದ ಕುಣಿಕೆ ಬಿಚ್ಚದೆ ಹಾಗೆಯೇ ಇತ್ತು, ಒಳಗೆ ಜಡೆಯ ಇರಲಿಲ್ಲ. ಕೆಳಗಿನ ಕಾಡನ್ನು ಎರಡು ದಿನ ಜಾಲಾಡಿದರೂ ಮೂಳೆಯ ಚೂರೂ ಸಿಗಲಿಲ್ಲ. ಆದರೆ ಅಂದು ಎಲ್ಲರ ಕಣ್ಣೆದುರೇ, ಬಂಡೆಯ ಮೇಲೆ ಸುಮ್ಮನೆ ಬಿದ್ದಿದ್ದ ಆ ಹಗ್ಗ ಮೂರು ಸಲ ಜಗ್ಗಿತು ಎನ್ನುತ್ತಾರೆ. ಕಲ್ಲು ಅಚ್ಚುಗನ ಮಾತು ನಡೆಸಿಕೊಟ್ಟಿದೆ, ಜಡೆಯನನ್ನು ಎಲ್ಲೋ ಹಿಡಿದುಕೊಂಡೇ ಇದೆ, ಬೀಳಲೂ ಬಿಡದು, ಮೇಲೆ ತರಲೂ ತಿಳಿಯದು ಎಂದು ಹಿರಿಯರು ಹೇಳಿದರು. ಅಚ್ಚುಗ ಕಲ್ಲಿನ ಮುಂದೆ ಹಣೆ ಚಚ್ಚಿಕೊಂಡು, ನಾನು ಬಂದಿದ್ದೀನಿ, ಇನ್ನು ಬಿಡು ಎಂದು ಬೇಡಿಕೊಂಡ. ಬೊಮ್ಮಿ ಅವನನ್ನು ಬಯ್ಯಲಿಲ್ಲ. “ನೀನು ಹಿಡಿದಿದ್ರೆ ನಾನು ಬಂದು ಕೈ ಕೂಡುಸ್ತಿದ್ದೆ ಕಣಪ್ಪ. ಕಲ್ಲಿಗೆ ಏನಂತ ಹೇಳಾದು?” ಎಂದಳಷ್ಟೆ. ಅಂದಿನಿಂದ ಆ ಗುಂಡು ಬಾಮೈದನಕಲ್ಲು.

ಈಗ ಜೇನು ಇಳಿಸುವುದು ನಿಂತಿದೆ. ಹತ್ತಿದವರಿಗೆ ತುದಿಯಲ್ಲಿ ಆಳೆತ್ತರದ ಗುಂಡು ಕಾಣುತ್ತದೆ, ಅದರ ನಡುವಿಗೆ ಬೆರಳಾಳದ ಮೂರು ಗೆರೆಗಳು ಸುತ್ತಿಕೊಂಡಿವೆ. ಓದಿದವರು ಅದನ್ನು ಗಾಳಿಯ ಸವಕಳಿ ಎನ್ನುತ್ತಾರೆ, ಇದ್ದರೂ ಇರಬಹುದು. ಪ್ರತಿ ವರ್ಷ ಮಳೆಗೆ ಮುಂಚೆ ಬೊಮ್ಮಿಯ ಸಂತತಿಯ ಹೆಣ್ಣುಮಕ್ಕಳು ಹೊಸ ಬಳ್ಳಿ ಹೊಸೆದು, ಆ ಗೆರೆಗಳಲ್ಲೇ ಸುತ್ತಿ, ಖಾಲಿ ಕುಣಿಕೆಯನ್ನು ಗೋಡೆಯಲ್ಲಿ ಇಳಿಬಿಡುತ್ತಾರೆ. ಹಗ್ಗದ ಮೇಲೆ ಕೈಯಿಟ್ಟುಕೊಂಡು ಅದು ಜಗ್ಗುವುದನ್ನು ಕಾಯುತ್ತಾ ಕೂರುತ್ತಾರೆ. ಹೊತ್ತು ಏರಿದ ಮೇಲೆ ಯಾವಾಗಲೋ ಎಲ್ಲರೂ ಒಟ್ಟಿಗೆ ಎದ್ದು ಎಳೆಯತೊಡಗುತ್ತಾರೆ. ಕುಣಿಕೆ ಬರಿದಾಗಿಯೇ ಮೇಲೆ ಬರುತ್ತದೆ. ಮುಟ್ಟಿ ನೋಡಿದ ಪ್ರವಾಸಿಗರು ಅದು ಬೆಚ್ಚಗಿತ್ತು ಎನ್ನುತ್ತಾರೆ. ಹೆಂಗಸರು ಅದನ್ನು ಒಬ್ಬರಿಂದೊಬ್ಬರು ಇಸಿದುಕೊಂಡು ಕೆನ್ನೆಗೆ ಒತ್ತಿಕೊಳ್ಳುತ್ತಾರೆ, ಆಮೇಲೆ ಮತ್ತೆ ಇಳಿಬಿಡುತ್ತಾರೆ.